ಪಟ ಕೆನಡಿಯದು, ಕೆಲಸ ಜಾನ್ಸನ್ನನದು

ಆಸ್ಟಿನ್‌ನ ಕನ್ನಡಿಗರೊಬ್ಬರ ಮನೆಯಲ್ಲಿ ಯುಗಾದಿ ಊಟ. ಒಬ್ಬಟ್ಟಿಗೆ ತುಪ್ಪ ಬೀಳುವ ಹೊತ್ತಿಗೆ ಮಾತು ಅಮೆರಿಕದ ಅಧ್ಯಕ್ಷರ ಕಡೆ ಹೊರಳಿತು. ಅರವತ್ತರ ದಶಕದ ಕೊನೆಯಲ್ಲಿ ಇಲ್ಲಿಗೆ ಬಂದು, ವೈದ್ಯರಾಗಿ ದುಡಿದು ನಿವೃತ್ತರಾದ ಹಿರಿಯರೊಬ್ಬರು, ಕೆನಡಿಯಂಥವನು ಮತ್ತೆ ಹುಟ್ಟಲಿಲ್ಲ ಎಂದರು. ನಾನು, ಕೆನಡಿ ಸತ್ತ ಮೇಲೆ ಅಧ್ಯಕ್ಷನಾದ ಲಿಂಡನ್ ಜಾನ್ಸನ್ ಹೆಸರೆತ್ತಿದೆ. ‘ಆ ವಿಯೆಟ್ನಾಂ ಯುದ್ಧದವನೇ?’ ಎಂದವರು ಮಜ್ಜಿಗೆ ಬಡಿಸುವವರ ಕಡೆ ತಿರುಗಿಬಿಟ್ಟರು.

ನನಗೆ ಚುರುಕ್ಕೆಂದಿತು. ಅವರಿಗೆ ಈ ದೇಶದ ಬಾಗಿಲು ತೆರೆದದ್ದೇ 1965ರ ಅಕ್ಟೋಬರ್ 3ರಂದು ಜಾನ್ಸನ್ ಸ್ವಾತಂತ್ರ್ಯದೇವಿಯ ಪ್ರತಿಮೆಯ ಬುಡದಲ್ಲಿ ಕುಳಿತು ಸಹಿ ಹಾಕಿದ ವಲಸೆ ಕಾನೂನು. ಅದಕ್ಕೆ ಮುಂಚೆ ಇಡೀ ಭಾರತದ ಪಾಲಿಗೆ ವರ್ಷಕ್ಕೆ ಇದ್ದದ್ದು 100 ಜನರ ಕೋಟಾ. ಈಚೆಗೆ ಅವರು ಮಂಡಿ ಬದಲಿಸಿಕೊಂಡಾಗ ಬಿಲ್ಲಿನ ದೊಡ್ಡ ಪಾಲು ಕಟ್ಟಿದ್ದು ಮೆಡಿಕೇರ್, ಅಂದರೆ ಹಿರಿಯರಿಗಾಗಿ ಸರ್ಕಾರ ನಡೆಸುವ ವೈದ್ಯಕೀಯ ವಿಮೆ. ಅದಕ್ಕೂ ಸಹಿ ಜಾನ್ಸನ್ನನದೇ, ಅದೇ ವರ್ಷದ ಜುಲೈ 30ರಂದು.

ಕೆನಡಿ ಇವನ್ನೆಲ್ಲ ಬಯಸಲಿಲ್ಲವೆಂದಲ್ಲ. ಹಿರಿಯರ ವೈದ್ಯಕೀಯ ವಿಮೆಗಾಗಿ ಊರೂರಲ್ಲಿ ಭಾಷಣ ಮಾಡಿದ. 1962ರಲ್ಲಿ ಸೆನೆಟ್ ಅದನ್ನು 52–48 ಮತಗಳಿಂದ ಬದಿಗಿಟ್ಟಿತು. 1963ರ ಜೂನ್‌ನಲ್ಲಿ, ಕಪ್ಪು ಜನರ ಮೇಲಿನ ತಾರತಮ್ಯ ನಿಲ್ಲಿಸುವ ನಾಗರಿಕ ಹಕ್ಕುಗಳ ಮಸೂದೆ ಕಳಿಸಿದ. ಅವನು ಸಾಯುವಾಗ ಅದು ಕೆಳಮನೆಯ ನಿಯಮ ಸಮಿತಿಯಲ್ಲಿ ಧೂಳು ಹಿಡಿಯುತ್ತಿತ್ತು. ತೆರಿಗೆ ಕಡಿತದ ಮಸೂದೆಯೂ ಮುಗಿದಿರಲಿಲ್ಲ.

ಜಾನ್ಸನ್ ಕೆಲಸ ಮಾಡಿದ್ದು ಫೋನಿನಲ್ಲಿ. ಆ ಕರೆಗಳ ಧ್ವನಿಮುದ್ರಣ ನಮ್ಮೂರು ಆಸ್ಟಿನ್‌ನ ಅವನ ಗ್ರಂಥಾಲಯದಲ್ಲಿದೆ, ಯಾರು ಬೇಕಾದರೂ ಕೇಳಬಹುದು. ಒಬ್ಬನಿಗೆ ಬೆಣ್ಣೆ, ಇನ್ನೊಬ್ಬನಿಗೆ ಗದರಿಕೆ, ಮತ್ತೊಬ್ಬನಿಗೆ ಹೆಂಡತಿ ಮಕ್ಕಳ ಕ್ಷೇಮ ಸಮಾಚಾರ. ಪ್ಯಾಂಟ್ ಹೊಲಿಸಲು ಕಂಪನಿಯ ಒಡೆಯನಿಗೇ ಫೋನ್ ಮಾಡಿ, ಜೇಬು ಇನ್ನೊಂದು ಇಂಚು ಆಳವಿರಲಿ, ಚಾಕು ಚಿಲ್ಲರೆ ಎಲ್ಲ ಬಿದ್ದುಹೋಗುತ್ತವೆ ಎಂದು ವಿವರಿಸಿದ ಆಸಾಮಿ! ಮಸೂದೆಗಳ ವಿಷಯದಲ್ಲೂ ಅಷ್ಟೇ ಪಟ್ಟು. ನಾಗರಿಕ ಹಕ್ಕುಗಳ ಮಸೂದೆಗೆ ದಕ್ಷಿಣದ ಸೆನೆಟರ್‌ಗಳು ವಾರಗಟ್ಟಲೆ ಭಾಷಣ ಮಾಡುತ್ತಾ ಅಡ್ಡ ಹಾಕಿದಾಗ, ವಿರೋಧ ಪಕ್ಷದ ನಾಯಕ ಡರ್ಕ್ಸನ್‌ಗೆ ಕೀರ್ತಿಯ ಪಾಲು ಬಿಟ್ಟುಕೊಟ್ಟು ಒಲಿಸಿಕೊಂಡ. 1964ರ ಜೂನ್ 10ರಂದು 71–29 ಮತಗಳಿಂದ ಆ ತಡೆ ಮುರಿಯಿತು, ಜುಲೈ 2ರಂದು ಕಾನೂನಾಯಿತು. ಮೆಡಿಕೇರ್ ಬಂದ ಮೇಲೆ, ಕಪ್ಪು ರೋಗಿಗಳನ್ನು ಬೇರೆ ವಾರ್ಡಿಗೆ ತಳ್ಳುವ ಆಸ್ಪತ್ರೆಗೆ ದುಡ್ಡಿಲ್ಲ ಎಂದಿತು ಅವನ ಸರ್ಕಾರ. ದಶಕಗಳಿಂದ ಆಗದಿದ್ದದ್ದು ದಕ್ಷಿಣದ ಎಷ್ಟೋ ಆಸ್ಪತ್ರೆಗಳಲ್ಲಿ ಕೆಲವೇ ತಿಂಗಳಲ್ಲಿ ಆಯಿತು.

ಆದರೂ ಪಟ ಕೆನಡಿಯದೇ. ಇದರಲ್ಲಿ ನಾವು ಪಳಗಿದವರು. ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜ ಗೇಣಿದಾರ. ದೇವರಾಜ ಅರಸರ ಕಾಲದಲ್ಲಿ ಡಿಕ್ಲರೇಷನ್ ಹಾಕಿ, ಭೂ ನ್ಯಾಯಮಂಡಳಿಗೆ ಅಲೆದು ಗದ್ದೆಗೆ ಒಡೆಯನಾದವನು. ಜಗಲಿಯ ಗೋಡೆಯ ಮೇಲಿದ್ದದ್ದು ಮಾತ್ರ ಇಂದಿರಾಗಾಂಧಿ. ‘ಇಂದಿರಮ್ಮ ಕೊಟ್ಟ ಗದ್ದೆ’ ಎಂದೇ ಕೊನೆಯವರೆಗೂ ಹೇಳಿದ. ಸ್ವಂತ ಪಕ್ಷದ ಜಮೀನ್ದಾರರ ಸಿಟ್ಟು ಕಟ್ಟಿಕೊಂಡು 1974ರ ತಿದ್ದುಪಡಿಯನ್ನು ಜಾರಿಗೆ ತಂದ ಅರಸರ ಒಂದು ಪಟವೂ ನಮ್ಮ ಮನೆಯಲ್ಲಿರಲಿಲ್ಲ. ಈಗಲೂ ಊರಿಗೆ ಹೋದರೆ ವೇದಿಕೆಯ ಮಾತುಗಾರನ ಬಗ್ಗೆ ಗಂಟೆಗಟ್ಟಲೆ ಹರಟೆ ಕೇಳಿಸುತ್ತದೆ. ಕಡತವನ್ನು ಒಂದು ಮೇಜಿನಿಂದ ಇನ್ನೊಂದಕ್ಕೆ ದಾಟಿಸಿದವನು ಯಾರೆಂದು ಕೇಳಿದರೆ ಅದೆಲ್ಲ ಯಾಕೆ ಮಾರಾಯ ಎನ್ನುತ್ತಾರೆ.

ಜಾನ್ಸನ್ನನಿಗೆ ಅದೃಷ್ಟವೂ ಇತ್ತು ಎನ್ನಿ. ಕೆನಡಿಯ ಸಾವಿನ ದುಃಖವನ್ನು ಅವನು ಚೆನ್ನಾಗಿಯೇ ಬಳಸಿಕೊಂಡ. 1964ರ ಚುನಾವಣೆ ಸೆನೆಟ್‌ನಲ್ಲಿ ಅವನ ಪಕ್ಷಕ್ಕೆ 68 ಸ್ಥಾನ ಕೊಟ್ಟಿತು. ಅಂಥ ಬಲ ಕೆನಡಿಗೆ ಸಿಕ್ಕಿದ್ದರೆ ಏನಾಗುತ್ತಿತ್ತೋ. ವಲಸೆ ಕಾನೂನು ಬದಲಾಗಲಿ ಎಂದು 1963ರಲ್ಲೇ ಸಂಸತ್ತಿಗೆ ಬರೆದವನೂ ಕೆನಡಿಯೇ. ವಿಯೆಟ್ನಾಂ ಬಗ್ಗೆ ಆ ಹಿರಿಯರು ಹೇಳಿದ್ದನ್ನು ತಳ್ಳಿಹಾಕುವಂತಿಲ್ಲ: ಮೆಡಿಕೇರ್ ಬಂದ ವರ್ಷವೇ ಜಾನ್ಸನ್ ಅಲ್ಲಿಗೆ ಕಾಲಾಳು ಪಡೆ ಇಳಿಸಿದ, ಬಡತನದ ವಿರುದ್ಧ ಸಾರಿದ ಸಮರಕ್ಕೆ ಸೇರಬೇಕಿದ್ದ ದುಡ್ಡನ್ನು ಆ ಯುದ್ಧ ನುಂಗಿತು.

ಇನ್ನೊಂದನ್ನು ಹೇಳಲು ನನಗೆ ಅಷ್ಟೇನೂ ಮನಸ್ಸಿಲ್ಲ. ನಾನು ಇಷ್ಟು ಹೊಗಳುತ್ತಿರುವ ಆ ವಲಸೆ ಕಾನೂನೇ ಏಷ್ಯಾ, ಯುರೋಪಿನಂಥ ಕಡೆಯ ಯಾವ ದೇಶಕ್ಕೂ ವರ್ಷಕ್ಕೆ 20,000ಕ್ಕಿಂತ ಹೆಚ್ಚು ವೀಸಾ ಇಲ್ಲ ಎಂದು ಗೆರೆ ಎಳೆಯಿತು. 1990ರಲ್ಲಿ ಆ ಗೆರೆ ಒಟ್ಟು ಸಂಖ್ಯೆಯ ಶೇ 7 ಎಂದು ರೂಪ ಬದಲಿಸಿತು. ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸಾಲು ಮುಂದೆ ಸರಿಯದಿರುವುದು ಅದರಿಂದಲೇ, ಮತ್ತು ನನ್ನ ಅರ್ಜಿಯೂ ಆ ಸಾಲಿನಲ್ಲೇ ಇದೆ.