ಕಪ್ಪು ಮೀನಿಗೆ ಅನಾನಸ್ ಗೊಜ್ಜು

ಮೈಸೂರಿನ ಕೆಲವು ಕೆಫೆಗಳ ಮೆನುವಿನಲ್ಲಿ ಈಗ 'ಕೇಜನ್ ಬ್ಲ್ಯಾಕನ್ಡ್ ಫಿಶ್ ವಿತ್ ಮ್ಯಾಂಗೋ ಸಾಲ್ಸಾ' ಅಂತ ಒಂದು ಸಾಲು ಕಾಣುತ್ತದೆ. ಅಂದರೆ ಅಮೆರಿಕದ ಲೂಯಿಸಿಯಾನ ಕಡೆಯ ಕೇಜನ್ ಶೈಲಿಯಲ್ಲಿ ಮಸಾಲೆ ಪುಡಿ ಹಚ್ಚಿ, ಕಾವಲಿಯಲ್ಲಿ ಕಪ್ಪಾಗಿಸಿದ ಮೀನು, ಜೊತೆಗೆ ಹೆಚ್ಚಿದ ಮಾವಿನ ಸಾಲ್ಸಾ. ಅದಕ್ಕೆ ಕೊಡುವ ದುಡ್ಡಿನಲ್ಲಿ ಮನೆಮಂದಿಗೆಲ್ಲ ಆಗುವಷ್ಟು ಮೀನು ತರಬಹುದು. ನಾನು ತಿಂದ ಕಡೆಯೆಲ್ಲ ತಟ್ಟೆಗೆ ಬಂದಿದ್ದು ಒಂದೋ ನಮ್ಮ ಮಾಮೂಲಿ ತವಾ ಫ್ರೈ, ಇಲ್ಲಾಂದ್ರೆ ನಿಜವಾಗಿಯೂ ಸೀದು ಹೋದ ಮೀನು. ಪಕ್ಕದಲ್ಲಿ ಜಾಮಿಗೂ ಪಲ್ಯಕ್ಕೂ ನಡುವೆ ಎಲ್ಲೋ ಇರುವ ಮಾವಿನಹಣ್ಣಿನ ಚೂರುಗಳು.

ನಾನು ಹೇಳೋದು ಇಷ್ಟೆ. ಇದನ್ನು ಮನೆಯಲ್ಲೇ ಮಾಡಿ. ಸಾಲ್ಸಾ ಬಿಟ್ಟುಬಿಡಿ. ಮದುವೆ ಊಟದ ಎಲೆಯಲ್ಲಿ ಬಡಿಸುತ್ತಾರಲ್ಲ ಅನಾನಸ್ ಗೊಜ್ಜು, ಅದನ್ನು ಮಾಡಿಕೊಳ್ಳಿ. ಈ ಮೀನಿಗೆ ಅದಕ್ಕಿಂತ ಒಳ್ಳೆಯ ಜೊತೆ ನನಗಂತೂ ಸಿಕ್ಕಿಲ್ಲ.

ಗೊಜ್ಜಿಗೆ ಮೀನಾ ಅಂತ ಮುಖ ಸಿಂಡರಿಸುವವರು ಇದ್ದಾರೆ, ಗೊತ್ತು. ನನ್ನ ಸ್ನೇಹಿತೆಯೊಬ್ಬಳಂತೂ 'ನಮ್ಮ ಗೊಜ್ಜಿನ ಮರ್ಯಾದೆ ತೆಗೀಬೇಡ ಕಣೇ' ಅಂದಳು. ಅನಾನಸ್ ದಕ್ಷಿಣ ಅಮೆರಿಕದ ಹಣ್ಣು, ಪೋರ್ಚುಗೀಸರ ಹಡಗಿನಲ್ಲಿ ಇಲ್ಲಿಗೆ ಬಂತು. ಮೆಣಸಿನಕಾಯಿಯೂ ಹಾಗೇ ಬಂದಿದ್ದು. ಅವೆರಡನ್ನೂ ಗೊಜ್ಜಿಗೆ ಸೇರಿಸಿಕೊಂಡಾಗ ಯಾರ ಮರ್ಯಾದೆಯೂ ಹೋಗಲಿಲ್ಲ. ಈಗ ಮೀನು ಪಕ್ಕದಲ್ಲಿ ಕೂತರೆ ಹೋಗುತ್ತಾ?

ಈ ಕಪ್ಪು ಮೀನು ತುಂಬಾ ಹಳೆಯ ಅಡುಗೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. ಅಮೆರಿಕದ ಲೂಯಿಸಿಯಾನ ರಾಜ್ಯದ ಪಾಲ್ ಪ್ರುಡೋಮ್ ಅನ್ನುವ ಬಾಣಸಿಗರು ಇದನ್ನು ಜನಪ್ರಿಯ ಮಾಡಿದ್ದು 1980ರ ದಶಕದಲ್ಲಿ. ಹದಿಮೂರು ಮಕ್ಕಳಲ್ಲಿ ಕೊನೆಯವರು, ಹಳ್ಳಿಯ ಬೇಸಾಯದ ಮನೆಯವರು. 1979ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹೆಂಡತಿ ಜೊತೆ ಸೇರಿ ಚಿಕ್ಕ ಹೋಟೆಲ್ ತೆರೆದರು. ರೆಡ್‌ಫಿಶ್ ಅನ್ನುವ ಕಡಲ ಮೀನಿನ ತುಂಡನ್ನು ಕರಗಿಸಿದ ಬೆಣ್ಣೆಯಲ್ಲಿ ಅದ್ದಿ, ಮೆಣಸಿನ ಪುಡಿ, ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ, ಕಾಳುಮೆಣಸು, ಥೈಮ್, ಒರೆಗಾನೊ ಅನ್ನುವ ಘಮದ ಒಣಸೊಪ್ಪು ಉದುರಿಸಿ, ಕೆಂಡದಂತೆ ಕಾದ ಬೀಡಿನ ಕಾವಲಿಗೆ ಹಾಕುವುದು. ಅಷ್ಟೇ. ಆಮೇಲೆ ಅಮೆರಿಕದ ತುಂಬಾ ಎಲ್ಲರಿಗೂ ಅದೇ ಬೇಕಾಯಿತು. ರೆಡ್‌ಫಿಶ್ ಹಿಡಿದು ಹಿಡಿದು ಸಂತತಿಯೇ ಕುಸಿಯಿತು. ಮೆಕ್ಸಿಕೊ ಕೊಲ್ಲಿಯಲ್ಲಿ ಅದನ್ನು ವ್ಯಾಪಾರಕ್ಕೆ ಹಿಡಿಯುವುದನ್ನು ಸರ್ಕಾರವೇ ತಡೆಯಬೇಕಾಯಿತು. 2007ರಲ್ಲಿ ಅಧ್ಯಕ್ಷರು ಆ ಮೀನು ಮತ್ತು ಸ್ಟ್ರೈಪ್ಡ್ ಬಾಸ್ ಅನ್ನುವ ಇನ್ನೊಂದು ಮೀನಿನ ರಕ್ಷಣೆಗೆ ಒಂದು ಆದೇಶ ಹೊರಡಿಸಿದರು. ಒಂದು ಅಡುಗೆಯಿಂದ ಒಂದು ಮೀನಿಗೆ ಇಷ್ಟು ಸಂಕಟ ಬಂದ ಉದಾಹರಣೆ ಬೇರೆ ಇದೆಯೋ ಇಲ್ಲವೋ.

ಪ್ರುಡೋಮ್ ಇದರ ಜೊತೆ ಹಣ್ಣು ಕೊಡುತ್ತಿರಲಿಲ್ಲ, ಕರಗಿಸಿದ ಬೆಣ್ಣೆ ಕೊಡುತ್ತಿದ್ದರು. ಹಣ್ಣು ಸೇರಿಕೊಂಡಿದ್ದು ಆಮೇಲೆ. ಹಾಗಾಗಿ 'ಸಾಲ್ಸಾನೇ ಇರಬೇಕು, ಅದೇ ಅಸಲಿ' ಅನ್ನುವ ಮಾತಿಗೆ ಬೆಲೆ ಇಲ್ಲ.

ಈಗ ಕಪ್ಪಿನ ವಿಷಯ. ಇದರ ಗುಟ್ಟು ಬೆಣ್ಣೆಯಲ್ಲಿದೆ. ತುಪ್ಪ ಹಾಕಬೇಡಿ, ಎಣ್ಣೆಯಂತೂ ಬೇಡವೇ ಬೇಡ. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 80 ಪಾಲು ಕೊಬ್ಬು. ಉಳಿದದ್ದು ಹೆಚ್ಚಾಗಿ ನೀರು, ಒಂದೆರಡು ಪಾಲು ಹಾಲಿನ ಅಂಶ. ಆ ಒಂದೆರಡು ಪಾಲೇ ಇಲ್ಲಿ ಕೆಲಸ ಮಾಡುವುದು. ಬಿಸಿ ತಾಗಿದ ಕೂಡಲೇ ಅದು ಮಸಾಲೆ ಪುಡಿಯ ಜೊತೆ ಸೇರಿ ಕಂದಾಗಿ, ಕಡುಗಂದಾಗಿ, ಮೀನಿನ ಮೇಲೆ ಪದರ ಕಟ್ಟುತ್ತದೆ. ತುಪ್ಪದಲ್ಲಿ ಅದನ್ನು ಸೋಸಿ ತೆಗೆದಿರುತ್ತೇವೆ. ನುಗ್ಗೆಸೊಪ್ಪು ಹಾಕಿ ಬೆಣ್ಣೆ ಕಾಯಿಸಿ, ತುಪ್ಪ ಬಸಿದ ಮೇಲೆ ತಳದಲ್ಲಿ ಉಳಿದ ಗಸಿಗೆ ಬಿಸಿ ಅನ್ನ ಕಲಸಿ ತಿಂದವರಿಗೆ ನಾನು ಯಾವ ರುಚಿ ಹೇಳುತ್ತಿದ್ದೇನೆ ಅಂತ ಅರ್ಥ ಆಗಿರುತ್ತೆ. ಮೀನಿನ ಮೇಲೆ ಬೇಕಿರುವುದು ಅದೇ. ಉಪ್ಪಿಲ್ಲದ ಬೆಣ್ಣೆ ತನ್ನಿ, ಉಪ್ಪು ನಿಮ್ಮ ಕೈಯಲ್ಲಿರಲಿ.

ಪುಡಿಗೆ ಪರದೇಶದ ಸೀಸೆ ಬೇಡ. ಪ್ಯಾಪ್ರಿಕಾ ಅನ್ನುವ ಅವರ ಕೆಂಪು ಮೆಣಸಿನಪುಡಿ ಮಾಡುವ ಕೆಲಸವನ್ನು ನಮ್ಮ ಬ್ಯಾಡಗಿ ಮೆಣಸಿನಕಾಯಿ ಮಾಡುತ್ತದೆ, ಬಣ್ಣ ಜಾಸ್ತಿ, ಖಾರ ಕಮ್ಮಿ. ಖಾರಕ್ಕೆ ಒಂದು ಚಿಟಿಕೆ ಗುಂಟೂರು. ಕಾಳುಮೆಣಸು ಆಗಲೇ ಕುಟ್ಟಿಕೊಳ್ಳಿ. ಬೆಳ್ಳುಳ್ಳಿ, ಈರುಳ್ಳಿ ಪುಡಿ ಅಂಗಡಿಯಲ್ಲಿ ಸಿಗುತ್ತೆ. ಥೈಮ್ ಬದಲು ಓಮದ ಕಾಳು. ಇದು ಸುಮ್ನೆ ಏನೋ ಹೊಂದಿಸಿಕೊಂಡದ್ದಲ್ಲ. ಥೈಮಿಗೆ ಆ ಘಮ ಕೊಡುವ ಥೈಮಾಲ್ ಅನ್ನುವ ಅಂಶವೇ ಓಮದಲ್ಲೂ ಇದೆ, ಅದೂ ಧಾರಾಳವಾಗಿ. ಅದಕ್ಕೇ ಕಾಲು ಚಮಚ ದಾಟಬೇಡಿ, ದಾಟಿದರೆ ಮೀನು ಕಷಾಯದ ವಾಸನೆ ಹೊಡೆಯುತ್ತೆ. ಒರೆಗಾನೊ ಬೇಕೇ ಬೇಕು ಅನ್ನುವವರು ಪಿಜ್ಜಾ ಜೊತೆ ಬಂದು ಫ್ರಿಜ್ಜಿನ ಬಾಗಿಲಲ್ಲಿ ಬಿದ್ದಿರುವ ಪೊಟ್ಟಣಗಳನ್ನು ಖಾಲಿ ಮಾಡಿ.

ಶುಂಠಿ ಬೆಳ್ಳುಳ್ಳಿ ಪೇಸ್ಟ್, ನಿಂಬೆರಸ, ಮೊಸರು ಯಾವುದೂ ಬೇಡ. ನೀರಿನಂಶ ಇದ್ದಷ್ಟು ಹೊತ್ತು ಮೀನು ಬೇಯುತ್ತದೆಯೇ ಹೊರತು ಕಪ್ಪಾಗುವುದಿಲ್ಲ. ಆ ನೀರು ಆರುವಷ್ಟರಲ್ಲಿ ಒಳಗೆ ಹತ್ತಿಯ ಹಾಗೆ ಆಗಿರುತ್ತದೆ. ಮೀನನ್ನು ಬಟ್ಟೆಯಲ್ಲಿ ಚೆನ್ನಾಗಿ ಒತ್ತಿ ಒರೆಸಿ. ಆಮೇಲೆ ಬೆಣ್ಣೆ, ಆಮೇಲೆ ಪುಡಿ.

ಕಾವಲಿ ಬೀಡಿನದೇ ಇರಬೇಕು. ದೋಸೆಗೆ ಅಂತ ಇಟ್ಟುಕೊಂಡ ಕಾವಲಿ ಮುಟ್ಟಬೇಡಿ, ಮಾರನೇ ದಿನ ಮನೆಯಲ್ಲಿ ಜಗಳ ಆಗುತ್ತೆ. ಇದಕ್ಕೇ ಒಂದು ಬೇರೆ ಇಡಿ. ನಾನ್‌ಸ್ಟಿಕ್ ತವಾ ಖಂಡಿತ ಬೇಡ. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಲೇಪ ಹಾಳಾಗಿ ಕೆಟ್ಟ ಹೊಗೆ ಬಿಡಲು ಶುರು ಮಾಡುತ್ತದೆ, ನಾವು ಇಲ್ಲಿ ಕಾಯಿಸುವುದು ಹೆಚ್ಚುಕಮ್ಮಿ ಅಷ್ಟೇ ಬಿಸಿ. ಖಾಲಿ ಕಾವಲಿಯನ್ನು ದೊಡ್ಡ ಉರಿಯಲ್ಲಿ ಹತ್ತು ನಿಮಿಷ ಬಿಡಿ. ನೀರು ಚಿಮುಕಿಸಿದರೆ ಹನಿ ಆರಿಹೋಗದೆ ಉಂಡೆ ಕಟ್ಟಿ ಓಡಾಡಬೇಕು. ಆಗ ಮೀನು ಹಾಕಿ. ಒಂದು ಕಡೆ ಎರಡು ನಿಮಿಷ, ಮಗುಚಿ ಹಾಕಿ ಇನ್ನೊಂದು ಕಡೆ ಒಂದೂವರೆಯಿಂದ ಎರಡು. ಕೈ ಸುಮ್ನಿರಲ್ಲ ಅಂತ ಮೀನನ್ನು ಅತ್ತಿತ್ತ ಎಳೆದಾಡಬೇಡಿ, ಪದರ ಕಿತ್ತು ಬರುತ್ತೆ. ಬಣ್ಣ ಇದ್ದಿಲಿನ ಕಪ್ಪಲ್ಲ, ಒಣಗಿದ ಹುಣಸೆಹಣ್ಣಿನ ಕಪ್ಪು. ಅದರಿಂದ ಮುಂದಕ್ಕೆ ಹೋದರೆ ಕಹಿ.

ಇನ್ನು ಹೊಗೆ. ಇದರ ಬಗ್ಗೆ ಯಾವ ವಿಡಿಯೋದವರೂ ನಿಜ ಹೇಳುವುದಿಲ್ಲ. ಬೆಣ್ಣೆ ಹೊಗೆ, ಅದರ ಮೇಲೆ ಮೆಣಸಿನಪುಡಿಯ ಘಾಟು. ಅಡುಗೆಮನೆಯಲ್ಲಿ ಮಾಡಿದರೆ ಪಡಸಾಲೆಯಲ್ಲಿ ಕೂತವರು ಕೆಮ್ಮುತ್ತಾರೆ, ಮೇಲಿನ ಮನೆಯವರು ಕೆಮ್ಮುತ್ತಾರೆ, ಚಿಮಣಿ ಸೋಲುತ್ತದೆ. ಪ್ರುಡೋಮ್ ಕೂಡ ಇದನ್ನು ಮನೆಯೊಳಗೆ ಮಾಡಬೇಡಿ, ಹೊರಗೆ ಮಾಡಿ ಅಂತಲೇ ಎಚ್ಚರಿಸಿದ್ದರು. ಕುವೆಂಪುನಗರದ ನಮ್ಮ ಮನೆಯಲ್ಲಿ ಇದಕ್ಕೆ ಜಾಗ ಟೆರೇಸು. ಒಂಟಿ ಬರ್ನರಿನ ಒಲೆ, ಚಿಕ್ಕ ಸಿಲಿಂಡರ್, ಗಾಳಿಗೆ ಅಡ್ಡ ಒಂದು ಹಳೆಯ ತಗಡು. ಒಗೆದ ಬಟ್ಟೆ ಒಣಗಲು ಹಾಕಿದ್ದರೆ ಮೊದಲು ಎತ್ತಿಡಿ.

ಯಾವ ಮೀನು? ಕೆಆರ್‌ಎಸ್ ಕಡೆ ಹೋದವರಿಗೆಲ್ಲ ಅಲ್ಲಿನ ಫಿಶ್ ಫ್ರೈ ರುಚಿ ಗೊತ್ತು, ಹಾಗಾಗಿ ಕಾಟ್ಲಾ, ರೋಹು ಮೇಲೆ ಕಣ್ಣು ಹೋಗುತ್ತದೆ. ಇದಕ್ಕೆ ಅವು ಆಗಲ್ಲ. ಮಾಂಸದ ಮಧ್ಯೆ ಕವಲು ಮುಳ್ಳುಗಳು, ದಪ್ಪ ತುಂಡು. ಇದಕ್ಕೆ ಬೇಕಿರುವುದು ಬೆರಳಿನ ದಪ್ಪಕ್ಕಿಂತ ಮೀರದ, ಮುಳ್ಳಿಲ್ಲದ ಹಾಳೆ. ಜಿಲೇಬಿ ಮೀನು ಚೆನ್ನಾಗಿ ಒದಗುತ್ತದೆ. ಜಿಲೇಬಿ ಅಂದರೆ ಮೂಗು ಮುರಿಯುವವರು ಜಾಸ್ತಿ, ಅದೇ ಮೀನು ಟಿಲಾಪಿಯಾ ಅಂತ ಮೆನುವಿನಲ್ಲಿ ಬಂದರೆ ಫೋಟೊ ತೆಗೆಯುತ್ತಾರೆ. ಎರಡೂ ಕಡೆಯ ಮಾಂಸ ಬಿಡಿಸಿ, ಚರ್ಮ ತೆಗೆದುಕೊಡಿ ಅಂತ ಕೇಳಿದರೆ ಮೀನಿನವರು ಮಾಡಿಕೊಡುತ್ತಾರೆ, ತಲೆ ಮತ್ತು ಮೂಳೆ ಸಾರಿಗೆ ಕೇಳಿ ಇಸ್ಕೊಳ್ಳಿ. ಕೈ ಬಿಚ್ಚಿ ಖರ್ಚು ಮಾಡುವ ದಿನ ಅಂಜಲ್. ಜೂನ್, ಜುಲೈ ಎರಡು ತಿಂಗಳು ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ. ಆಗ ಅಂಜಲ್ ಬೆಲೆ ಕೇಳಬೇಡಿ, ತಾಜಾನಾ ಅಂತಲೂ ಕೇಳಬೇಡಿ.

ನಮ್ಮ ಅತ್ತೆ ಪಾಂಡವಪುರ ಕಡೆಯವರು. ಮೀನು ಅಂದರೆ ಹುಣಸೆಹುಳಿ ಹಿಂಡಿದ ಸಾರು, ಅದೂ ನೆನ್ನೆ ಮಾಡಿ ಇವತ್ತು ತಿನ್ನುವ ಸಾರು, ಜೊತೆಗೆ ಮುದ್ದೆ. ಟೆರೇಸಿಗೆ ಬಂದು ಕಾವಲಿ ನೋಡಿದವರೇ, 'ಸೀದೋಯ್ತಲ್ಲವ್ವ, ಕೆಳಗಿಳಿಸು' ಅಂದರು. 'ಸೀದಿಲ್ಲ ಅತ್ತೆ, ಇದು ಹಿಂಗೇ ಇರೋದು' ಅಂದೆ. ಒಂದು ಚೂರು ಮುರಿದು ಕೊಟ್ಟೆ. ಹೊರಗೆ ಕರುಂ ಅಂತು, ಒಳಗೆ ಬೆಳ್ಳಗೆ, ರಸ ರಸ. ಅಗಿದರು, ನೀರು ಕುಡಿದರು. ಗೊಜ್ಜು ಹಚ್ಚಿ ಇನ್ನೊಂದು ಚೂರು ಕೊಟ್ಟ ಮೇಲೆ ಮಾತು ಬದಲಾಯಿತು. 'ಗೊಜ್ಜಿದ್ರೆ ಸರಿ ಕಣವ್ವ. ಮುದ್ದೆಗೆ ಮಾತ್ರ ಆಗಕಿಲ್ಲ.' ಪೂರ್ತಿ ನಿಜ. ಮುದ್ದೆಗೆ ಇದು ಆಗಲ್ಲ. ಅನ್ನಕ್ಕೂ ಅಷ್ಟಕ್ಕಷ್ಟೇ. ಅಕ್ಕಿರೊಟ್ಟಿ ಇದ್ದರೆ ಚೆನ್ನ.

ಅವರು ನೀರು ಕುಡಿದಿದ್ದೂ ಪ್ರಯೋಜನ ಇಲ್ಲ. ಮೆಣಸಿನಕಾಯಿಯ ಉರಿ ನೀರಿನಲ್ಲಿ ಕರಗುವಂಥದ್ದಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಸಿಹಿ, ಹುಳಿ ಬಿದ್ದರೆ ನಾಲಿಗೆಗೆ ಸ್ವಲ್ಪ ಸಮಾಧಾನ. ಗೊಜ್ಜಿನಲ್ಲಿ ಎರಡೂ ಇದೆ, ಜೊತೆಗೆ ಕೊಬ್ಬರಿ, ಎಳ್ಳಿನ ಜಿಡ್ಡೂ ಇದೆ. ಸಾಲ್ಸಾದಲ್ಲಿ ಆ ಜಿಡ್ಡು ಇಲ್ಲ.

ಅನಾನಸ್ಸನ್ನು ಹಸಿಯಾಗಿ ಹೆಚ್ಚಿ ಹಾಕಿದರೂ ಆಗುತ್ತಲ್ಲ ಅಂದರೆ, ಅಲ್ಲಿ ಇನ್ನೊಂದು ತೊಡಕಿದೆ. ಹಸಿ ಅನಾನಸ್‌ನಲ್ಲಿ ಬ್ರೊಮೆಲಿನ್ ಅನ್ನುವ ಕಿಣ್ವ ಇರುತ್ತದೆ. ಅದು ಪ್ರೋಟೀನನ್ನು ಒಡೆಯುತ್ತದೆ. ಜಾಸ್ತಿ ತಿಂದಾಗ ನಾಲಿಗೆ ಚುರುಚುರು ಅನ್ನುವುದರಲ್ಲಿ ಅದರ ಪಾಲೂ ಇದೆ. ಮೀನಿನ ಮೇಲೆ ಸುರಿದು ಬಿಟ್ಟರೆ ಮೀನು ಮೆತ್ತಗೆ ಹಿಟ್ಟಾಗುತ್ತದೆ. ಗೊಜ್ಜಿನಲ್ಲಿ ಹಣ್ಣು ಕುದ್ದಿರುತ್ತದೆ, ಕುದ್ದರೆ ಆ ಕಿಣ್ವದ ಆಟ ಮುಗೀತು.

ಗೊಜ್ಜು ಮಾಮೂಲಿಯಂತೆಯೇ ಮಾಡಿ, ಸ್ವಲ್ಪ ಕೈ ಹಿಡಿದು. ಮೆಂತ್ಯ ನಾಲ್ಕೇ ಕಾಳು, ಎಳ್ಳು ಒಂದು ಚಮಚ, ಕೊಬ್ಬರಿ, ಎರಡು ಬ್ಯಾಡಗಿ, ಇವನ್ನು ಹುರಿದು ಪುಡಿ ಮಾಡಿಕೊಳ್ಳಿ. ಕಡಲೆಬೇಳೆ, ಉದ್ದಿನಬೇಳೆ ಇಲ್ಲಿ ಬಿಡಿ. ಅವು ಅನ್ನಕ್ಕೆ ಕಲಸುವ ಗೊಜ್ಜಿಗೆ ಮೈ ಕೊಡುತ್ತವೆ, ಮೀನಿನ ಪಕ್ಕದಲ್ಲಿ ಭಾರ. ಸಾಸಿವೆ, ಕರಿಬೇವು, ಚೂರು ಇಂಗಿನ ಒಗ್ಗರಣೆಗೆ ಹಣ್ಣಿನ ಹೋಳು, ಉಪ್ಪು, ಹುಣಸೆರಸ, ಮಂಡ್ಯದ ಅಚ್ಚುಬೆಲ್ಲ. ಹಣ್ಣು ತೀರಾ ಕಳಿತಿದ್ದರೆ ಬೆಲ್ಲ ಕಮ್ಮಿ ಮಾಡಿ, ಹುಳಿ ಹೆಚ್ಚಿಸಿ. ಪುಡಿ ಕೊನೆಗೆ. ಸೌಟಿನಿಂದ ತೊಟ್ಟಿಕ್ಕದೆ ಬೀಳುವಷ್ಟು ಗಟ್ಟಿಯಾಗುವ ತನಕ ಕುದಿಸಿ, ಆರಲು ಬಿಡಿ. ಬಿಸಿ ಮೀನಿಗೆ ತಣ್ಣನೆ ಗೊಜ್ಜೇ ಚೆಂದ. ದಯವಿಟ್ಟು ಮೀನಿನ ಮೇಲೆ ಸುರಿಯಬೇಡಿ. ಅಷ್ಟು ಹೊಗೆ ಕುಡಿದು ಕಟ್ಟಿಸಿದ ಪದರ ನೆನೆದು ಹೋಗುತ್ತೆ.

ಮಾವು ಬೇಕೇ ಬೇಕು ಅನ್ನುವವರಿಗೆ ಒಂದು ಮಾತು. ರಸಪುರಿ ತರಬೇಡಿ, ಅದು ಸೀಕರಣೆಗೆ ಹುಟ್ಟಿದ ಹಣ್ಣು. ಬಾದಾಮಿ ಪೂರ್ತಿ ಸಿಹಿ, ಮೀನಿನ ಜೊತೆ ಮುಖ ಕಟ್ಟುತ್ತದೆ. ಅರೆ ಹಣ್ಣಾದ ಗಿಣಿಮೂತಿ ತನ್ನಿ, ಗಾಡಿಯಲ್ಲಿ ಖಾರ ಉಪ್ಪು ಹಚ್ಚಿ ಕೊಡುತ್ತಾರಲ್ಲ, ಅದೇ. ಸಣ್ಣಗೆ ಹೆಚ್ಚಿ, ಈರುಳ್ಳಿ, ಹಸಿಮೆಣಸು, ಕೊತ್ತಂಬರಿ, ಉಪ್ಪು. ಅದು ಮೀನಿನ ಜೊತೆ ಕಚ್ಚಲು ಗರಿಗರಿ ಇರುತ್ತೆ. ಆದರೂ ನನ್ನ ಮತ ಗೊಜ್ಜಿಗೇ.

ಕಾಮೆಂಟಿನಲ್ಲಿ 'ನಾವು ಮೀನು ತಿನ್ನಲ್ಲ, ಪನೀರಿಗೆ ಆಗುತ್ತಾ' ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಆಗುತ್ತೆ. ಒಂದು ಗಂಟೆ ಭಾರ ಇಟ್ಟು ನೀರು ಹಿಂಡಿ, ಬೆರಳಿನ ದಪ್ಪಕ್ಕೆ ಕೊಯ್ದುಕೊಳ್ಳಿ. ಬೆಣ್ಣೆ, ಪುಡಿ, ಕಾವಲಿ ಎಲ್ಲ ಅದೇ. ಒಂದೊಂದು ಕಡೆ ಒಂದೇ ನಿಮಿಷ ಸಾಕು. ಟೆರೇಸು ಮಾತ್ರ ಆಗಲೂ ತಪ್ಪಲ್ಲ.