ಸ್ಟೂಡೆಂಟ್ ಮುಟ್ಟಬಹುದು, ಡಾಕ್ಟರ್ ಮುಟ್ಟೋ ಹಾಗಿಲ್ಲ

ಅಮೆರಿಕದ ಟೀಚಿಂಗ್ ಆಸ್ಪತ್ರೆಗೆ ನಾಲ್ಕು ವಾರ ಇಂಟರ್ನಲ್ ಮೆಡಿಸಿನ್ ಕ್ಲರ್ಕ್‌ಶಿಪ್, ಅಂದ್ರೆ ವಾರ್ಡಲ್ಲಿ ರೋಗಿಗಳನ್ನ ನೋಡ್ತಾ ಕಲಿಯೋ ಪೋಸ್ಟಿಂಗ್, ಮಾಡೋಕೆ ಅಂತ ನನ್ನಂಥ ಹೊರದೇಶದ ಮೆಡಿಕಲ್ ಸ್ಟೂಡೆಂಟ್ ಹೋಗ್ತಾನಲ್ಲ, ಅವನಿಗೆ ಸಾಮಾನ್ಯವಾಗಿ ಯಾವ ವೀಸಾ ಕೊಡ್ತಾರೆ ಗೊತ್ತಾ? ಬಿ-1. ಅಂದ್ರೆ ಬಿಸಿನೆಸ್ ವೀಸಾ. ಷರತ್ತು ಏನಪ್ಪಾ ಅಂದ್ರೆ ಆಸ್ಪತ್ರೆಯಿಂದ ಬಿಡಿಗಾಸು ಸಂಬಳ ತಗೋಬಾರದು. ಅರ್ಜಿಗೆ ಫೀಸು, ಪೋಸ್ಟಿಂಗಿಗೆ ಫೀಸು, ವಿಮಾನ, ರೂಮು ಎಲ್ಲಾ ನಮ್ಮದೇ, ಬೆಳಗ್ಗೆ ಐದಕ್ಕೆ ಎದ್ದು ವಾರ್ಡಿಗೆ ಓಡೋರೂ ನಾವೇ, ಹಾಗೆ ಓಡಿದ್ದಕ್ಕೆ ದುಡ್ಡು ಕಟ್ಟೋರೂ ನಾವೇ. ಕೊಟ್ಟೋನು ಕೋಡಂಗಿ ಇಸ್ಕೊಂಡೋನು ವೀರಭದ್ರ ಅನ್ನೋದಕ್ಕೆ ಇಂಗ್ಲಿಷಲ್ಲಿ ಬಿಸಿನೆಸ್ ಅಂತಾರೆ ಅಂತ ನಂಗೆ ಗೊತ್ತಾಗಿದ್ದು ಪಾಸ್‌ಪೋರ್ಟ್ ವಾಪಸ್ ಬಂದ ದಿನವೇ.

ಅದಕ್ಕೂ ಮುಂಚೆ ಕಾಗದದ ಪರ್ವ. ಲಸಿಕೆ ಹಾಕಿಸ್ಕೊಂಡಿದೀನಿ ಸ್ವಾಮಿ ಅಂದ್ರೆ ಸಾಲದು, ನಮ್ಮ ರಕ್ತ ಅದನ್ನ ಒಪ್ಕೋಬೇಕು. ಹೆಪಟೈಟಿಸ್ ಬಿ ಮೂರು ಡೋಸ್ ಆಗಿರಬೇಕು, ಆಮೇಲೆ ಟೈಟರ್, ಅಂದ್ರೆ ರಕ್ತದಲ್ಲಿರೋ ಆಂಟಿಬಾಡಿ ಪ್ರಮಾಣ, 10 ದಾಟಿರಬೇಕು, ದಡಾರ, ಚಿಕನ್‌ಪಾಕ್ಸ್‌ಗೆ ಬೇರೆ ಲೆಕ್ಕ. ಟಿಬಿ ಇಲ್ಲ ಅಂತ ತೋರಿಸೋಕೆ ಕೈಗೆ ಚುಚ್ಚಿದ್ರು, ಊದಿತು. ಹುಟ್ಟಿದಾಗ್ಲೇ ಟಿಬಿಯ ಬಿಸಿಜಿ ಲಸಿಕೆ ಹಾಕಿಸ್ಕೊಂಡೋರ ಕೈ ಟಿಬಿ ಇಲ್ಲದಿದ್ರೂ ಊದಬಹುದು, ಇದನ್ನ ಪರೀಕ್ಷೆಯಲ್ಲಿ ಬರೆದು ನಾನೇ ಮಾರ್ಕ್ಸ್ ತಗೊಂಡಿದ್ದೆ, ಆದ್ರೆ ಫಾರಂ ಆ ಉತ್ತರ ಪತ್ರಿಕೆ ನೋಡಿರಲಿಲ್ಲ ಅನ್ಸುತ್ತೆ. ಹಾಗಾಗಿ ರಕ್ತ ಪರೀಕ್ಷೆ, ಆಮೇಲೆ ಎದೆ ಎಕ್ಸ್‌ರೇ. ಇರಲಿ, ಕೀಮೋ ತಗೋತಿರೋ ರೋಗಿ ಮುಂದೆ ಚಿಕನ್‌ಪಾಕ್ಸ್ ಹೊತ್ಕೊಂಡು ಹೋಗಿ ನಿಲ್ಲಬಾರದು, ಅದು ನ್ಯಾಯವೇ. ನನ್ನ ತಕರಾರು ತಾರೀಕಿನ ಬಗ್ಗೆ. ನಾನು ಫೆಬ್ರವರಿ 10 ಅಂತ ನಮ್ಮ ಕ್ರಮದಲ್ಲಿ 10/02 ಬರೆದ್ರೆ ಅವರು ತಿಂಗಳು ಮೊದಲು ಓದೋ ಜನ, ಅದು ಅಕ್ಟೋಬರ್ 2 ಆಯ್ತು, ಮೇ ತಿಂಗಳಲ್ಲಿ ಮೇಲ್ ಬಂತು, ನೀವು ಇನ್ನೂ ಹಾಕಿಸಿಕೊಳ್ಳದ ಲಸಿಕೆಗೆ ದಾಖಲೆ ಕೊಟ್ಟಿದ್ದೀರಿ ಅಂತ. ಇದನ್ನ ಸರಿ ಮಾಡಿಸೋಕೆ ಹಿಡಿದ ಟೈಮಲ್ಲಿ ಇನ್ನೊಂದು ಸಲ ಮೂರೂ ಡೋಸ್ ಹಾಕಿಸ್ಕೋಬಹುದಿತ್ತು.

ಇಷ್ಟಾದ್ಮೇಲೆ ಇನ್ಶೂರೆನ್ಸು. ನಾನು ಏನಾದ್ರೂ ಎಡವಟ್ಟು ಮಾಡಿದ್ರೆ ಒಂದು ಕೇಸಿಗೆ 10 ಲಕ್ಷ ಡಾಲರ್, ಒಟ್ಟು 30 ಲಕ್ಷ ಡಾಲರ್. ಓದಿ ಎದೆ ಉಬ್ಬಿತು ಕಣ್ರೀ, ಅಷ್ಟು ದೊಡ್ಡ ಅನಾಹುತ ಮಾಡೋ ಯೋಗ್ಯತೆ ನಂಗಿದೆ ಅಂತ ಮನೆಯವರೂ ಅಂದ್ಕೊಂಡಿರಲಿಲ್ಲ. ಹೋಗಿ ನೋಡಿದ್ರೆ ಮೊದಲ ಮೂರು ದಿನ ಕಂಪ್ಯೂಟರ್ ಲಾಗಿನ್ನೇ ಇಲ್ಲ. ರೆಸಿಡೆಂಟ್, ಅಂದ್ರೆ ಟ್ರೈನಿಂಗಲ್ಲಿರೋ ಡಾಕ್ಟರ್, ಅವರ ಭುಜದ ಮೇಲಿಂದ ಇಣುಕಿ ರೋಗಿಯ ಪೊಟ್ಯಾಸಿಯಂ ಎಷ್ಟಿದೆ ಅಂತ ಓದೋದು, ಅಷ್ಟರಲ್ಲಿ ಅವರು ಸ್ಕ್ರೀನ್ ಬದಲಾಯಿಸಿರ್ತಾರೆ. 30 ಲಕ್ಷ ಡಾಲರ್ ಅಪಾಯ ಇರೋ ಮನುಷ್ಯನಿಗೆ ಒಂದು ಪಾಸ್‌ವರ್ಡ್ ಇಲ್ಲ.

ವಿದ್ಯಾರ್ಥಿಗಳನ್ನ ಲೆಕ್ಚರ್ ಹಾಲಿಂದ ಎಬ್ಬಿಸಿ ರೋಗಿಯ ಹಾಸಿಗೆ ಪಕ್ಕ ನಿಲ್ಲಿಸಿದ ವಿಲಿಯಂ ಆಸ್ಲರ್ ಗೊತ್ತಲ್ಲ, 1890ರ ದಶಕದಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ, ಈ ಕ್ಲರ್ಕ್‌ಶಿಪ್ ಅನ್ನೋದು ಅಮೆರಿಕದಲ್ಲಿ ಬೇರು ಬಿಟ್ಟಿದ್ದೇ ಅವರಿಂದ. ವಾರ್ಡಲ್ಲಿ ವಿದ್ಯಾರ್ಥಿಗಳಿಗೆ ಪಾಠ ಹೇಳಿದೋನು ಅಂತ ಬರೆದ್ರೆ ಸಾಕು, ಸಮಾಧಿ ಮೇಲೆ ಬೇರೇನೂ ಬೇಡ ಅಂದಿದ್ರು ಪುಣ್ಯಾತ್ಮ. ಈಗ ರೌಂಡ್ಸ್ ನಡೆಯೋದು ಕಾರಿಡಾರಲ್ಲಿ, ಗಾಲಿ ಮೇಲೆ ಕೂತಿರೋ ಕಂಪ್ಯೂಟರ್ ಸುತ್ತ. ಕಂಪ್ಯೂಟರ್ ಆನ್ ವೀಲ್ಸ್, ಚಿಕ್ಕದಾಗಿ ಕೌ. ಹಸು ಮುಂದೆ ಮುಂದೆ, ಹಿಂದೆ ಅಟೆಂಡಿಂಗ್ ಅನ್ನೋ ದೊಡ್ಡ ಡಾಕ್ಟರ್, ರೆಸಿಡೆಂಟ್, ಇಂಟರ್ನ್, ಕೊನೆಗೆ ಗಿಡ್ಡ ಬಿಳಿ ಕೋಟಿನ ಕರು ನಾನು. ರೋಗಿ ಒಳಗಿದಾರೆ, ಚರ್ಚೆ ಬಾಗಿಲಾಚೆ. ಒಂದು ದಿನ ಒಬ್ಬರ ಎದೆಗೆ ಎಲ್ರೂ ಸ್ಟೆತ್ ಇಟ್ಟು ನೋಡಿದ್ವಿ, ಮರ್ಮರ್, ಅಂದ್ರೆ ಹೃದಯದ ಅಸಹಜ ಸದ್ದು, ಕೇಳಿಸ್ತಾ ಅಂತ ಅಟೆಂಡಿಂಗ್ ಕೇಳಿದ್ರೆ ಎಲ್ರೂ ಮೌನ. ಮಧ್ಯಾಹ್ನ ಹೃದಯದ ಸ್ಕ್ಯಾನ್, ಎಕೋ, ರಿಪೋರ್ಟ್ ಬಂತು, ಅಯೋರ್ಟಿಕ್ ಸ್ಟೆನೋಸಿಸ್, ಅಂದ್ರೆ ಕವಾಟ ಕಿರಿದಾಗಿದೆ ಅಂತ. ಸಂಜೆ ಹೊತ್ತಿಗೆ ಆರು ಜನರ ನೋಟ್ಸಲ್ಲೂ ಮರ್ಮರ್ ಸ್ಪಷ್ಟವಾಗಿ ಕೇಳಿಸ್ತಿತ್ತು.

ನನ್ನ ಪಾಲಿಗೆ ಇಬ್ಬರು ರೋಗಿಗಳು, ರೆಸಿಡೆಂಟಿಗೆ ಹೆಚ್ಚುಕಮ್ಮಿ ಇಡೀ ವಾರ್ಡು, ಹಾಗಾಗಿ ಕುರ್ಚಿ ಎಳ್ಕೊಂಡು ಕೂರೋಕೆ ಪುರುಸೊತ್ತಿದ್ದೋನು ನಾನೊಬ್ನೇ. ಹಾರ್ಟ್ ಫೇಲ್ಯೂರ್ ಅಂತ ಪದೇಪದೇ ಅಡ್ಮಿಟ್ ಆಗ್ತಿದ್ದ ಒಬ್ಬರು ಅಜ್ಜ, ಮೂತ್ರ ಹೆಚ್ಚು ಮಾಡೋ ಫ್ಯೂರೋಸೆಮೈಡ್ ಮಾತ್ರೆ ಡೋಸ್ ಜಾಸ್ತಿ ಮಾಡೋಣ್ವಾ ಅಂತ ಹೊರಗೆ ದೊಡ್ಡ ಚರ್ಚೆ. ಮುಕ್ಕಾಲು ಗಂಟೆ ಹರಟಿದ ಮೇಲೆ ಅಜ್ಜ ಹೇಳಿದ್ದು, ಬಸ್ಸಲ್ಲಿ ಹೋಗೋ ದಿನ ಆ ಮಾತ್ರೆ ತಗೊಳಲ್ಲಪ್ಪಾ, ದಾರೀಲಿ ಬಾತ್‌ರೂಮ್ ಎಲ್ಲಿಂದ ತರಲಿ ಅಂತ. ಅವರು ಬಸ್ಸಲ್ಲಿ ಹೋಗ್ತಿದ್ದದ್ದು ದಿನಾ. ರೌಂಡ್ಸಲ್ಲಿ ಇದನ್ನ ಹೇಳಿದೆ, ಗುಡ್ ಸೋಶಿಯಲ್ ಹಿಸ್ಟರಿ ಅಂದು ಹಸುವನ್ನ ಮುಂದಿನ ರೂಮಿಗೆ ತಳ್ಳಿದ್ರು.

ಇದೆಲ್ಲಾ ಯಾಕೆ ಸಹಿಸ್ಕೋತೀವಿ ಅಂದ್ರೆ, ಅಲ್ಲಿ ರೆಸಿಡೆಂಟ್ ಆಗೋಕೆ ಬೇಕಾದ ಲೆಟರಿಗೆ. 2022ರ ಜನವರಿಯಿಂದ ಅಮೆರಿಕದ ಡಾಕ್ಟರ್ ಲೈಸೆನ್ಸಿನ ಸ್ಟೆಪ್ 1 ಪರೀಕ್ಷೆಗೆ ಅಂಕ ಇಲ್ಲ, ಪಾಸು ಇಲ್ಲಾ ಫೇಲು ಅಷ್ಟೇ, ಹಾಗಾಗಿ ಶಿಫಾರಸು ಪತ್ರಕ್ಕೆ ಇನ್ನೂ ಬೆಲೆ ಬಂತು. ನಾಲ್ಕು ವಾರದ ಹೆಣ್ಣು ನೋಡೋ ಶಾಸ್ತ್ರ ಇದು, ದಿನಾ ನಗ್ತಾ ನಿಲ್ಲಬೇಕು, ಯಾವ ಆಸ್ಪತ್ರೆಯಲ್ಲಿ ರೆಸಿಡೆಂಟ್ ಸೀಟು ಅನ್ನೋ ಫಲಿತಾಂಶ ಮಾರ್ಚ್ ತಿಂಗಳ ಮೂರನೇ ಶುಕ್ರವಾರ, ಅದಕ್ಕೆ ಮ್ಯಾಚ್ ಅಂತಲೇ ಹೆಸರು. ತಮಾಷೆ ಏನಂದ್ರೆ ಹುಡುಗಿ ಕಡೆಯವರು ಅದೇ, ಗಂಡಿನ ಕಡೆಯವರು ವಾರ ವಾರ ಬದಲು. ಮೊದಲನೇ ಅಟೆಂಡಿಂಗ್ ನನ್ನ ಹೆಸರು ಕಲಿಯೋ ಹೊತ್ತಿಗೆ ಅವರ ಡ್ಯೂಟಿ ಮುಗೀತು, ಎರಡನೆಯವರು ಕಲಿಯೋ ಪ್ರಯತ್ನ ಮಾಡಲಿಲ್ಲ. ಎಲ್ರೂ ಕೊಟ್ಟ ಫೀಡ್‌ಬ್ಯಾಕ್ ಮಾತ್ರ ಒಂದೇ: ಇನ್ನೂ ಓದಬೇಕು.

ಈಗ ನನ್ನ ಸೀನಿಯರ್ ವಿಷಯ. ಡಿಗ್ರಿ ಕೈಗೆ ಬಂದು ಅಸಲಿ ಡಾಕ್ಟರ್ ಆಗಿದ್ದ, ಅದೇ ತಂಡಕ್ಕೆ ಅದೇ ತಿಂಗಳು ಬಂದಿದ್ದ. ಆದ್ರೆ ಇಲ್ಲಿ ಕೈ ಹಚ್ಚಿ ಕೆಲಸ ಮಾಡೋ ಕ್ಲರ್ಕ್‌ಶಿಪ್ ಓದ್ತಾ ಇರೋರಿಗೆ ಮಾತ್ರ, ಓದು ಮುಗಿಸಿದೋರಿಗೆ ಅಬ್ಸರ್ವರ್‌ಶಿಪ್, ಅಂದ್ರೆ ನೋಡಬಹುದು, ರೋಗೀನ ಮುಟ್ಟೋ ಹಾಗಿಲ್ಲ. ನಾನು ಪಾಸಾಗಿಲ್ಲದ ಕಾರಣ ಮುಟ್ಟೋಕೆ ಅರ್ಹ, ಅವನು ಪಾಸಾಗಿದ್ದೇ ತಪ್ಪು. ನಾಲ್ಕು ವಾರ ಗೋಡೆಗೆ ಒರಗಿ ಎರಡೂ ಕೈ ಜೇಬಲ್ಲಿ ಇಟ್ಕೊಂಡು ನಿಂತಿದ್ದ.

ಅಜ್ಜನ ಕಾಲು ನೋಡ್ತಿದ್ದಾಗ ಅವನೇ ಕಿವಿ ಹತ್ರ ಬಂದು ಪಿಸುಗುಟ್ಟಿದ, "ಲೋ, ಮೊಣಕಾಲ ಕೆಳಗೆ ಅಲ್ಲ, ಇವರು ಮಲಗೇ ಇದಾರೆ, ಸೊಂಟದ ಹಿಂದೆ ಒತ್ತಿ ನೋಡೋ." ಒತ್ತಿದೆ, ಬೆರಳು ಗುಳಿ ಬಿತ್ತು. ಸೇಕ್ರಲ್ ಎಡಿಮಾ, ಅಂದ್ರೆ ಸೊಂಟದ ಹಿಂದೆ ನೀರು ತುಂಬಿದ ಊತ, ಅಂತ ಜೋರಾಗಿ ಹೇಳಿದೆ. ನನ್ನ ಇವ್ಯಾಲ್ಯುಯೇಶನ್‌ನಲ್ಲಿ ಫಿಸಿಕಲ್ ಎಕ್ಸಾಮ್ ಎಕ್ಸಲೆಂಟ್ ಅಂತ ಬಂತು. ಅವನ ಸರ್ಟಿಫಿಕೇಟಲ್ಲಿ ಹಾಜರಿದ್ದರು ಅಂತ ಇದೆ.