ಹನ್ನೊಂದೂವರೆಯ ಹಸಿವು

ಸ್ಟೀಲ್ ಡಬ್ಬಿಯ ಮುಚ್ಚಳವನ್ನು ಸದ್ದಾಗದಂತೆ ತೆಗೆಯುವ ವಿದ್ಯೆಯನ್ನು ನಾನು ಕಲಿತದ್ದು ನಲವತ್ತೇಳನೆಯ ವಯಸ್ಸಿನಲ್ಲಿ. ಎಡಗೈಯಿಂದ ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಹಿಡಿಯಬೇಕು. ಬಲಗೈಯ ಹೆಬ್ಬೆರಳನ್ನು ಮುಚ್ಚಳದ ಅಂಚಿಗೆ ಕೊಟ್ಟು, ಒಮ್ಮೆಲೇ ಎತ್ತದೆ, ಸುತ್ತಲೂ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ಬರಬೇಕು. ಎಷ್ಟೇ ಜಾಗರೂಕತೆ ವಹಿಸಿದರೂ ಕೊನೆಯಲ್ಲಿ ಒಂದು ‘ಟಕ್’ ಬಂದೇ ಬರುತ್ತದೆ. ಸರಿಯಾಗಿ ಆ ಕ್ಷಣಕ್ಕೆ ಕೆಮ್ಮಬೇಕು. ಮನೆಯವರು ನಿದ್ದೆಗಣ್ಣಿನಲ್ಲಿ ‘ಪಾಪ, ಕೆಮ್ಮು’ ಎಂದುಕೊಂಡು ಮಗ್ಗುಲು ಬದಲಿಸುತ್ತಾರೆ. ಹೊಟ್ಟೆ ದೊಡ್ಡದಿದ್ದಷ್ಟೂ ಸದ್ದು ಚೆನ್ನಾಗಿ ಅಡಗುತ್ತದೆ. ತೂಕ ಇಳಿಸುವ ಈ ಇಡೀ ಸಾಹಸದಲ್ಲಿ ನನ್ನ ಹೊಟ್ಟೆಯಿಂದ ನನಗಾದ ಉಪಕಾರ ಅದೊಂದೇ.

ತೂಕ ಇಳಿಸಬೇಕೆಂದು ಹೇಳಿದವರು ವೈದ್ಯರು. ಎಷ್ಟು ಎಂದು ಕೇಳಿದೆ. “ಸದ್ಯಕ್ಕೆ 8 ಕಿಲೋ” ಎಂದರು. ಎಂಟು ಕಿಲೋಗಿಂತ ಆ ‘ಸದ್ಯಕ್ಕೆ’ಯೇ ಭಾರವಾಗಿತ್ತು. ಮನೆಗೆ ಬಂದವಳೇ ಕಾನೂನು ಹೊರಡಿಸಿದೆ: ಸಂಜೆ ಏಳೂವರೆಗೆ ಊಟ, ಆಮೇಲೆ ಬೆಳಗಾಗುವವರೆಗೆ ನೀರಲ್ಲದೆ ಬೇರೇನೂ ಬಾಯಿಗಿಲ್ಲ. ಈ ಕಾನೂನು ಹೊರಬಿದ್ದಾಗ ಮಧ್ಯಾಹ್ನ ಎರಡು ಗಂಟೆ, ನನ್ನ ಊಟವಾಗಿ ಹತ್ತು ನಿಮಿಷ ಕಳೆದಿತ್ತು ಎಂಬುದನ್ನು ಇಲ್ಲಿ ದಾಖಲಿಸುವುದು ನ್ಯಾಯ. “ನಾನಂತೂ ಕತ್ತಲಾದ ಮೇಲೆ ಏನನ್ನೂ ಮುಟ್ಟುವವಳಲ್ಲ. ನಿನಗೂ ಅಭ್ಯಾಸವಾಗುತ್ತದೆ” ಎಂದು ಅತ್ತೆ ಹರಸಿದರು.

ಮೊದಲ ರಾತ್ರಿ ಹನ್ನೊಂದೂವರೆಗೆ ಎಚ್ಚರವಾಯಿತು. ಎಚ್ಚರವಾಯಿತು ಎಂಬುದು ಸುಳ್ಳು, ನಿದ್ದೆಯೇ ಬಂದಿರಲಿಲ್ಲ. ಹೊಟ್ಟೆಯೊಳಗೆ ಯಾರೋ ಮರದ ಮೇಜನ್ನು ಈ ಗೋಡೆಯಿಂದ ಆ ಗೋಡೆಗೆ ಎಳೆಯುತ್ತಿದ್ದರು. ಪಕ್ಕದಲ್ಲಿ ಮಲಗಿದ್ದ ನಮ್ಮವರು ಕಣ್ಣು ತೆರೆಯದೆಯೇ “ಗುಡುಗುತ್ತಿದೆ, ಒಣಹಾಕಿದ ಬಟ್ಟೆ ಒಳಗೆ ತಂದೆಯಾ?” ಎಂದು ಕೇಳಿದರು. ತಂದಿದ್ದೇನೆ ಎಂದೆ. ಆ ಹೊತ್ತಿನಲ್ಲಿ ಹವಾಮಾನದ ಬಗ್ಗೆ ಸತ್ಯ ಹೇಳುವ ಶಕ್ತಿ ನನಗಿರಲಿಲ್ಲ.

ಈ ಗುಡುಗಿನ ಮೂಲ ಹುಡುಕುತ್ತ ಹೋದಾಗ ತಿಳಿದದ್ದು ಇದು: ಜಠರ ಮತ್ತು ಸಣ್ಣ ಕರುಳು ಖಾಲಿಯಾಗಿದ್ದಾಗ ಸುಮಾರು ಒಂದೂವರೆ, ಎರಡು ಗಂಟೆಗೊಮ್ಮೆ ತಮ್ಮನ್ನು ತಾವೇ ಗುಡಿಸಿಕೊಳ್ಳುತ್ತವೆ. ಉಳಿದ ಚೂರುಪಾರನ್ನು ಮುಂದಕ್ಕೆ ತಳ್ಳುವ ಅಲೆಗಳವು. ಗಾಳಿ, ನೀರು ಸೇರಿಕೊಂಡು ಸದ್ದಾಗುತ್ತದೆ. ಅಂದರೆ ನಾನು ಇಷ್ಟು ವರ್ಷ ಮನೆ ಗುಡಿಸುವ ಸದ್ದನ್ನು ನೆಂಟರು ಬಾಗಿಲು ತಟ್ಟಿದ ಸದ್ದೆಂದು ತಿಳಿದು ಅಡುಗೆಮನೆಗೆ ಓಡುತ್ತಿದ್ದೆ. ಹಾಗೆ ತಿಳಿದವಳು ನಾನೊಬ್ಬಳೇ ಅಲ್ಲವೆಂಬುದು ಒಂದು ಸಮಾಧಾನ. 1912ರಲ್ಲಿ ವಾಲ್ಟರ್ ಕ್ಯಾನನ್ ಎಂಬ ಶರೀರಶಾಸ್ತ್ರಜ್ಞರು ಹೊಟ್ಟೆ ಹಿಂಡುವುದೇ ಹಸಿವು ಎಂದು ಬರೆದರು. ಅದನ್ನು ತೋರಿಸಲು ಅವರ ಜೊತೆಗಾರ ವಾಶ್‌ಬರ್ನ್ ಕೊಳವೆಗೆ ಕಟ್ಟಿದ ಬಲೂನೊಂದನ್ನು ನುಂಗಿ, ಅದನ್ನು ಹೊಟ್ಟೆಯೊಳಗೆ ಊದಿಸಿಕೊಂಡು, ಯಾವಾಗ ಹಿಂಡುತ್ತದೆ, ಯಾವಾಗ ಹಸಿವಾಗುತ್ತದೆ ಎಂದು ಗುರುತಿಸುತ್ತ ಕುಳಿತಿದ್ದರು. ವಿಜ್ಞಾನಕ್ಕಾಗಿ ಬಲೂನು ನುಂಗಿದ ಆ ಮನುಷ್ಯನ ಮೇಲೆ ನನಗೆ ಅಪಾರ ಗೌರವ. ನಾನಾಗಿದ್ದರೆ ನೆಂಚಿಕೊಳ್ಳಲು ಏನಾದರೂ ಇದೆಯೇ ಎಂದು ಕೇಳಿ ಪ್ರಯೋಗ ಕೆಡಿಸುತ್ತಿದ್ದೆ.

ಹಸಿವಿನ ಹಿಂದೆ ಹಿಂಡುವುದಷ್ಟೇ ಇಲ್ಲ, ಗ್ರೆಲಿನ್ ಎಂಬ ಹಾರ್ಮೋನೂ ಇದೆ. ಅದು 1999ರಲ್ಲಿ ಜಪಾನಿನ ವಿಜ್ಞಾನಿಗಳ ಕೈಗೆ ಸಿಕ್ಕಿತು. ನನ್ನ ಕೈಗೆ ಅದರ ಹೆಸರು ಸಿಕ್ಕಿತು. ಬಯ್ಯಲು ಒಂದು ಹೆಸರಿದ್ದರೆ ಎಷ್ಟೋ ಅನುಕೂಲ. ಅದಕ್ಕಿಂತ ನನಗೆ ಪ್ರಿಯವಾದದ್ದು 2013ರ ಒಂದು ಅಧ್ಯಯನ. ಹಗಲುರಾತ್ರಿಯ ಸುಳಿವು ಸಿಗದಂತೆ ಜನರನ್ನು ಮಂದ ಬೆಳಕಿನಲ್ಲಿಟ್ಟು ನೋಡಿದಾಗ, ಊಟ, ನಿದ್ದೆ ಯಾವಾಗ ಆದರೂ ಒಳಗಿನ ಗಡಿಯಾರದ ಪ್ರಕಾರ ಹಸಿವು ಬೆಳಿಗ್ಗೆ ಎಂಟರ ಸುಮಾರಿಗೆ ಅತಿ ಕಡಿಮೆ, ರಾತ್ರಿ ಎಂಟರ ಸುಮಾರಿಗೆ ಅತಿ ಹೆಚ್ಚು ಇತ್ತು. ಕಳ್ಳನಿಗೊಂದು ಪಿಳ್ಳೆ ನೆವ. ನನಗೆ ವಿಜ್ಞಾನವೇ ನೆವವಾಗಿ ಒದಗಿತು. ಬೆಳಿಗ್ಗೆ ಎಂಟಕ್ಕೆ ನಾನು ಅರ್ಧ ಬಾಳೆಹಣ್ಣು ತಿಂದು “ಸಾಕಪ್ಪಾ” ಎನ್ನುವ ಸಾಧ್ವಿ. ರಾತ್ರಿಯ ನಾನು ಉಳಿದರ್ಧವನ್ನು ಹುಡುಕಿಕೊಂಡು ಬರುವವಳು.

ಉಪಾಯ ಹೇಳುವವರಿಗೆ ಕೊರತೆಯಿರಲಿಲ್ಲ. ನೀರು ಕುಡಿ ಎಂದರು. ಎರಡು ಲೋಟ ಕುಡಿದೆ. ಹಸಿವು ಇಪ್ಪತ್ತು ನಿಮಿಷ ಸುಮ್ಮನಿತ್ತು, ಆಮೇಲೆ ಬಚ್ಚಲಿಗೆ ಹೋಗಬೇಕಾಯಿತು. ನಮ್ಮ ಮನೆಯಲ್ಲಿ ಬಚ್ಚಲಿನ ದಾರಿ ಅಡುಗೆಮನೆಯ ಮುಂದೆಯೇ ಹಾದುಹೋಗುತ್ತದೆ. ಹೋಗುವಾಗ ಸಂಯಮವಿತ್ತು. ಬರುವಾಗ ಎರಡು ಬಿಸ್ಕತ್ತು ಇದ್ದವು.

ಹಲ್ಲುಜ್ಜಿದರೆ ತಿನ್ನುವ ಮನಸ್ಸೇ ಆಗುವುದಿಲ್ಲ ಎಂದು ಗೆಳತಿ ಹೇಳಿದಳು. ಇದು ನಿಜಕ್ಕೂ ಒಳ್ಳೆಯ ಉಪಾಯ, ಮನಸ್ಸು ಹಲ್ಲಿನ ಮಾತು ಕೇಳುವ ಹಾಗಿದ್ದರೆ. ಟೂತ್‌ಪೇಸ್ಟಿನಲ್ಲಿರುವ ನೊರೆ ಬರಿಸುವ ಸಾಬೂನಿನಂಥ ವಸ್ತು ನಾಲಿಗೆಯ ಸಿಹಿಯನ್ನು ಸ್ವಲ್ಪ ಹೊತ್ತು ಮಂಕು ಮಾಡಿ ಕಹಿಯನ್ನು ಎತ್ತಿ ಹಿಡಿಯುತ್ತದೆ. ಹಾಗಾಗಿ ಹಲ್ಲುಜ್ಜಿದ ಮೇಲೆ ತಿಂದ ಮೊದಲ ಬಿಸ್ಕತ್ತು ಸುಣ್ಣದ ಹಾಗಿತ್ತು. ಬಿಸ್ಕತ್ತಿನ ರುಚಿ ಹೀಗಿರಲು ಸಾಧ್ಯವಿಲ್ಲವಲ್ಲ ಎಂದು ಎರಡನೆಯದನ್ನು ಪರೀಕ್ಷಿಸಿದೆ. ಮೂರನೆಯದರ ಹೊತ್ತಿಗೆ ರುಚಿ ಪೂರ್ತಿ ಮರಳಿತು. ಮತ್ತೆ ಹಲ್ಲುಜ್ಜಿದೆ. ಆ ರಾತ್ರಿ ಒಟ್ಟು ಮೂರು ಸಲ. ತೂಕ ಇಳಿಯಲಿಲ್ಲ, ಟೂತ್‌ಪೇಸ್ಟ್ ಇಳಿಯಿತು.

ಬೆಳಿಗ್ಗೆ ತೂಕದ ಯಂತ್ರ ಹತ್ತಿದರೆ 800 ಗ್ರಾಂ ಹೆಚ್ಚು! ತಿಂದ ಮೂರು ಬಿಸ್ಕತ್ತನ್ನು ತಕ್ಕಡಿಯಲ್ಲಿಟ್ಟರೂ 30 ಗ್ರಾಂ ದಾಟುವುದಿಲ್ಲ. ಉಳಿದ 770 ಗ್ರಾಂ ನನ್ನ ಪಾಪಪ್ರಜ್ಞೆಯ ತೂಕವೇ ಇರಬೇಕು ಎಂದುಕೊಂಡೆ. ದೇಹದಲ್ಲಿ ನೀರಿನ ಏರಿಳಿತದಿಂದ ದಿನದಿಂದ ದಿನಕ್ಕೆ ಒಂದು ಕಿಲೋವರೆಗೆ ಆಚೀಚೆ ಆಗುವುದು ಸಾಮಾನ್ಯವಂತೆ. ಇಳಿದ ದಿನ ಮಾತ್ರ ಈ ಮಾತು ನನಗೆ ನೆನಪಾಗುವುದಿಲ್ಲ.

ಮಲಗಲು ಆಗದೆ ಮೊಬೈಲ್ ಹಿಡಿಯುವುದು ಅಭ್ಯಾಸವಾಯಿತು. ಹನ್ನೆರಡು ಗಂಟೆಗೆ, ಧ್ವನಿ ಮುಚ್ಚಿ, ಹೊದಿಕೆಯೊಳಗೆ, ಯಾರೋ ಬೆಣ್ಣೆ ಕರಗಿಸುವುದನ್ನು ನೋಡುತ್ತಿದ್ದೆ. ಇದಕ್ಕೂ ಚರಿತ್ರೆಯಲ್ಲಿ ಆಧಾರವಿದೆ. ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ ಅಮೆರಿಕದ ಮಿನೆಸೋಟದಲ್ಲಿ 36 ಮಂದಿ ಸ್ವಯಂಸೇವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ಅಧ್ಯಯನ ಮಾಡಿದ್ದರು. ಅವರಲ್ಲಿ ಕೆಲವರು ಅಡುಗೆ ಪುಸ್ತಕಗಳನ್ನು ಸಂಗ್ರಹಿಸಿ ಕಾದಂಬರಿಯಂತೆ ಓದುತ್ತಿದ್ದರಂತೆ. ಓದಿದಾಗ ಕಣ್ಣು ತುಂಬಿ ಬಂತು, ಎಂಥ ಸಮಾನದುಃಖಿಗಳು! ಅವರದು 24 ವಾರ, ನನ್ನದು ಊಟವಾಗಿ ನಾಲ್ಕೂವರೆ ಗಂಟೆ ಎಂಬ ಸಣ್ಣ ವ್ಯತ್ಯಾಸವನ್ನು ಬೆಳಿಗ್ಗೆ ಗಮನಿಸಿದೆ. ಸಾಲದ್ದಕ್ಕೆ ನಿದ್ದೆಗೆಟ್ಟರೆ ಗ್ರೆಲಿನ್ ಇನ್ನಷ್ಟು ಏರುತ್ತದೆ: 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿದ ಯುವಕರಲ್ಲಿ ಅದು ಶೇ. 28ರಷ್ಟು ಹೆಚ್ಚಿತ್ತು. ಹಸಿವಿನಿಂದ ನಿದ್ದೆ ಬರುವುದಿಲ್ಲ, ನಿದ್ದೆ ಬಾರದ್ದರಿಂದ ಹಸಿವಾಗುತ್ತದೆ. ಇಬ್ಬರೂ ಸೇರಿ ನನ್ನನ್ನು ಚೆಂಡಾಡುತ್ತಿದ್ದರು.

ಕೊನೆಗೆ ಡಬ್ಬಿಯನ್ನೇ ಗಡೀಪಾರು ಮಾಡೋಣವೆಂದು ಅಟ್ಟದ ಮೇಲಿಟ್ಟೆ. ಕಣ್ಣಿಗೆ ಕಾಣದ್ದು ಮನಸ್ಸಿಗೂ ಬಾರದು ಎಂಬುದು ನನ್ನ ಲೆಕ್ಕಾಚಾರ. ನನ್ನ ಮನಸ್ಸಿಗೆ ಅಟ್ಟದ ಮೇಲೂ ಕಣ್ಣಿದೆಯೆಂದು ಆಗ ಗೊತ್ತಿರಲಿಲ್ಲ. ಮೂರನೆಯ ರಾತ್ರಿ ಕತ್ತಲಲ್ಲಿ ಸ್ಟೂಲ್ ಹತ್ತಿದೆ, ಕೈ ಡಬ್ಬಿಗೆ ಮುಟ್ಟಿತು, ಸ್ಟೂಲ್ ಒಂದು ಕಡೆಗೆ ವಾಲಿತು, ನಾನು ಇನ್ನೊಂದು ಕಡೆಗೆ. ಡಬ್ಬಿ ಮಾಡಿದ ಸದ್ದಿಗೆ ಯಾವ ಕೆಮ್ಮೂ ಸಾಲುತ್ತಿರಲಿಲ್ಲ. ದೀಪ ಹಾಕಿದಾಗ ನಾನು ನೆಲದ ಮೇಲೆ, ಸುತ್ತ ಬಿಸ್ಕತ್ತು, ಬಾಗಿಲಲ್ಲಿ ಇಡೀ ಸಂಸಾರ. “ಜಿರಳೆ” ಎಂದೆ. ಯಾರೂ ಜಿರಳೆಯ ಕಡೆ ನೋಡಲಿಲ್ಲ.

ಪಾದ ಊದಿಕೊಂಡಿತು. ವಿಷಯವೀಗ ಸಾರ್ವಜನಿಕವಾದ್ದರಿಂದ ಎಂಟನೆಯ ತರಗತಿಯ ಮಗಳು ಅಧಿಕಾರ ವಹಿಸಿಕೊಂಡಳು. ಡಬ್ಬಿ ಮತ್ತೆ ಕಟ್ಟೆಯ ಮೇಲೆ ಬಂತು, ಮುಚ್ಚಳದ ಒಳಗೆ ಒಂದು ಚೀಟಿ: ದಿನಾಂಕ, ಉಳಿದ ಬಿಸ್ಕತ್ತು, ತಿಂದವರ ಹೆಸರು. “ತಿನ್ನಬೇಡ ಎಂದು ನಾನು ಹೇಳುವುದಿಲ್ಲ ಅಮ್ಮ, ಬರೆದು ತಿನ್ನು” ಎಂದಳು. ಇದರಷ್ಟು ಕ್ರೂರವಾದ ವ್ಯವಸ್ಥೆಯನ್ನು ಯಾವ ವೈದ್ಯರೂ ಸೂಚಿಸಲಾರರು. ಕತ್ತಲಲ್ಲಿ ತಿನ್ನುವುದು ಸುಲಭ, ಬರೆಯಲು ದೀಪ ಹಾಕಬೇಕು.

ಮೊದಲ ದಿನ ಚೀಟಿಯಲ್ಲಿ 24 ಎಂದಿತ್ತು. ಮರುದಿನ ಬೆಳಿಗ್ಗೆ ಎಣಿಸಿದರೆ 22. ನಾನು ಹಾಸಿಗೆಯಿಂದ ಕದಲಿರಲಿಲ್ಲ. ಕದಲುವ ಸ್ಥಿತಿಯಲ್ಲೇ ಇರಲಿಲ್ಲ. ಅದರ ಮರುದಿನ 20.

“ಅಮ್ಮ, ಕುಂಟಿಕೊಂಡೇ ಹೋದೆಯಾ?” ಮಗಳ ದನಿಯಲ್ಲಿ ಕೋಪಕ್ಕಿಂತ ಮೆಚ್ಚುಗೆ ಹೆಚ್ಚಿತ್ತು.

ನಮ್ಮವರು ನನ್ನ ಊದಿದ ಪಾದವನ್ನೂ ಡಬ್ಬಿಯನ್ನೂ ನೋಡಿ, ಎರಡರ ನಡುವಿನ ದೂರವನ್ನು ಕಣ್ಣಲ್ಲೇ ಅಳೆದು ತಲೆಯಾಡಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ಆ ಮನೆಯಲ್ಲಿ ನಾನೊಬ್ಬಳೇ. ನಾನೇ ನನ್ನನ್ನು ಅನುಮಾನಿಸತೊಡಗಿದೆ. ನಿದ್ದೆಯಲ್ಲಿ ನಡೆಯುವವರಿದ್ದಾರೆ, ನಿದ್ದೆಯಲ್ಲಿ ಕುಂಟುವವರೂ ಇರಬಹುದು. ಅತ್ತೆಯೊಬ್ಬರೇ “ಪಾಪ, ಹಸಿವಲ್ಲವೇ, ತಿನ್ನಲಿ ಬಿಡಿ. ಎಣಿಸುವುದೇನು ಚೆಂದ!” ಎಂದು ನನ್ನ ಪರ ನಿಂತರು.

ಪಾದದ ನೆಪದಲ್ಲಿ ಕುಳಿತಲ್ಲೇ ಕುಳಿತಿದ್ದಾಗ ಒಂದು ಉಪಯುಕ್ತ ಸಂಗತಿ ಸಿಕ್ಕಿತು. 1995ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಸಮಾನ ಕ್ಯಾಲೊರಿಯ 38 ಆಹಾರಗಳನ್ನು ಕೊಟ್ಟು, ಯಾವುದು ಎರಡು ಗಂಟೆಯ ಕಾಲ ಹೆಚ್ಚು ಹೊಟ್ಟೆ ತುಂಬಿಸುತ್ತದೆ ಎಂದು ಅಳೆದಿದ್ದರು. ಬಿಳಿ ಬ್ರೆಡ್ಡಿಗೆ 100 ಎಂದಿಟ್ಟುಕೊಂಡರೆ ಬೇಯಿಸಿದ ಆಲೂಗಡ್ಡೆಗೆ 323. ಎಲ್ಲಕ್ಕಿಂತ ಮೇಲೆ! ತೂಕ ಇಳಿಸುವವರೆಲ್ಲ ಬಾಗಿಲಿಂದ ಆಚೆ ಹಾಕುವ ಬಡಪಾಯಿ ಆಲೂಗಡ್ಡೆ. ಎಣ್ಣೆಗೆ ಬಿದ್ದರೆ ಅದರ ಕಥೆಯೇ ಬೇರೆ, ಆದರೆ ಬರೀ ಬೇಯಿಸಿದ್ದಕ್ಕೆ ಈ ಮರ್ಯಾದೆ ಸಲ್ಲಬೇಕು. ಏಳೂವರೆಯ ಊಟವನ್ನು ಎಂಟೂವರೆಗೆ ತಳ್ಳಿ, ತಟ್ಟೆಗೆ ಬೇಯಿಸಿದ ಆಲೂಗಡ್ಡೆಯನ್ನೂ ಒಂದು ಮೊಟ್ಟೆಯನ್ನೂ ಸೇರಿಸಿದೆ. ವೈದ್ಯರಿಗೆ ಫೋನಿನಲ್ಲಿ ಹೇಳಿದೆ. “ಮೊದಲೇ ಹೀಗೆ ಮಾಡಬಹುದಿತ್ತಲ್ಲ” ಎಂದರು. ಮೊದಲೇ ಅವರೂ ಹೇಳಬಹುದಿತ್ತು.

ಅಂದು ರಾತ್ರಿ ಹನ್ನೊಂದೂವರೆಗೆ ಎಚ್ಚರವಾಯಿತು, ಈ ಸಲ ನಿಜವಾಗಿ. ಹೊಟ್ಟೆ ತಣ್ಣಗಿತ್ತು. ಪಕ್ಕದಲ್ಲಿ ನಮ್ಮವರು ಗೊರಕೆ ಹೊಡೆಯುತ್ತಿದ್ದರು, ಆಚೆಯ ಮಂಚದಲ್ಲಿ ಲೆಕ್ಕಾಧಿಕಾರಿ ಬಾಯಿ ತೆರೆದು ಮಲಗಿದ್ದಳು. ಅಡುಗೆಮನೆಯಿಂದ ಲೋಹವನ್ನು ಉಗುರು ಸವರುವ ಸದ್ದು ಬಂತು. ಸ್ವಲ್ಪ ಸ್ವಲ್ಪವೇ, ಸುತ್ತಲೂ, ಆತುರವಿಲ್ಲದೆ. ನುರಿತ ಕೈ. ನನಗಿಂತ ಎಷ್ಟೋ ವರ್ಷ ಹಿಂದಿನಿಂದ ಪಳಗಿದ ಕೈ. ಉಸಿರು ಬಿಗಿಹಿಡಿದು ಆ ‘ಟಕ್’ಗಾಗಿ ಕಾದೆ. ಅದು ಕೇಳಲೇ ಇಲ್ಲ. ಅದರ ಜಾಗದಲ್ಲಿ ಒಂದು ಕೆಮ್ಮು ಕೇಳಿತು.

ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷವಾಗಿದೆ. ಯಾರ ಕೆಮ್ಮು ಯಾವುದೆಂದು ನನಗೆ ಗೊತ್ತು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಕುಂಟುತ್ತ ಹೋಗಿ, ಡಬ್ಬಿ ತೆರೆದು ಎಣಿಸಿದೆ. 18. ಚೀಟಿಯಲ್ಲಿ 18 ಎಂದು ಬರೆದು ಮುಂದೆ ನನ್ನ ಹೆಸರು ಹಾಕಿದೆ. ಮಗಳು ಓದಿ “ಮತ್ತೆಯಾ ಅಮ್ಮ?” ಎಂದಳು. “ಏನು ಮಾಡಲಿ, ತಡೆಯಲಾಗಲಿಲ್ಲ” ಎಂದೆ.

ಕಿಟಕಿಯ ಬಳಿ ಕುರ್ಚಿಯಲ್ಲಿ ಕುಳಿತು ಹೊರಗೆ ನೋಡುತ್ತಿದ್ದ ಅತ್ತೆ ಒಮ್ಮೆ ಕೆಮ್ಮಿದರು.